ಮಾತು ಸಿಗದ ಹಾಡುಗಳ ಕಾಲ

ಆರ್.ಇ.ಎಂ. ಎಂಬ ಅಮೆರಿಕದ ರಾಕ್ ತಂಡ 1983ರಿಂದ 1996ರವರೆಗೆ ಹತ್ತು ಆಲ್ಬಮ್ ತಂದಿತು. ಆ ಹತ್ತರಲ್ಲಿ ಒಂದರಲ್ಲೂ ಹಾಡುಗಳ ಸಾಹಿತ್ಯವನ್ನು ಪೂರ್ತಿಯಾಗಿ ಅಚ್ಚು ಹಾಕಿಸಲಿಲ್ಲ. 1988ರ ‘ಗ್ರೀನ್’ನಲ್ಲಿ ‘ವರ್ಲ್ಡ್ ಲೀಡರ್ ಪ್ರಿಟೆಂಡ್’ ಎಂಬ ಒಂದೇ ಒಂದು ಹಾಡಿಗೆ ಆ ಭಾಗ್ಯ ಸಿಕ್ಕಿತ್ತು. ಉಳಿದದ್ದೆಲ್ಲ ಕೇಳುವವರ ಕಿವಿಗೆ ಬಿಟ್ಟದ್ದು. ಕ್ಯಾಸೆಟ್ಟಿನ ಒಳಗಿನ ಮಡಿಕೆ ಹಾಳೆ ಬಿಚ್ಚಿದರೆ ವಾದ್ಯ ನುಡಿಸಿದವರ ಹೆಸರು, ಧ್ವನಿಮುದ್ರಣದ ಊರು, ಯಾರ್ಯಾರಿಗೋ ಕೃತಜ್ಞತೆ. ಹಾಡಿನ ಮಾತು ಮಾತ್ರ ಇಲ್ಲ. 1998ರಲ್ಲಿ ‘ಅಪ್’ ಬಂದಾಗ ಮೊದಲ ಬಾರಿಗೆ ಎಲ್ಲ ಹಾಡುಗಳ ಮಾತೂ ಅಚ್ಚಾಗಿ ಬಂತು. ನಾನು ಆ ಹಾಳೆಯನ್ನು ಹಾಗೇ ಮಡಚಿ ಡಬ್ಬಿಯೊಳಗೆ ತುರುಕಿಟ್ಟೆ. ಹಾಡು ಕಿವಿಗೆ ಬೀಳುವ ಮುಂಚೆ ಅದರ ಮಾತು ಓದಿಕೊಂಡು ಕೂರುವುದು ನಮ್ಮ ಕಾಲದವರಿಗೆ ಒಗ್ಗುವ ವ್ಯವಹಾರವಲ್ಲ.

ನಮ್ಮ ಕಾಲ ಅಂದೆ. ನಾನು ತಿಪಟೂರಿನವನು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಹಾಡು ಅಂದರೆ ಮೊದಲು ಮಾತು, ಆಮೇಲೆ ಮಿಕ್ಕಿದ್ದು ಅಂತ ತಿಳಿದು ಬೆಳೆದವನು. ಟಾಕೀಸಿನ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರು. ಒರಟು ಕಾಗದ, ಮುಖಪುಟದಲ್ಲಿ ಶಾಯಿ ಕದಡಿದ ರಾಜ್‌ಕುಮಾರ್, ಒಳಗೆ ಅರ್ಧ ಕಥೆ, ಮಿಕ್ಕಿದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂಬ ಒಕ್ಕಣೆ, ಅದಾದ ಮೇಲೆ ಹಾಡುಗಳು. ಪುಸ್ತಕ ಇಲ್ಲದಿದ್ದರೂ ನಡೆಯುತ್ತಿತ್ತು ಅನ್ನಿ. ಚಿ. ಉದಯಶಂಕರ್ ಬರೆದದ್ದನ್ನು ಪಿ.ಬಿ. ಶ್ರೀನಿವಾಸ್ ಹಾಡಿದರೆ ಒಂದು ಒತ್ತಕ್ಷರವೂ ಜಾರುತ್ತಿರಲಿಲ್ಲ. ಇಂಥ ಕಿವಿ ಹೊತ್ತುಕೊಂಡು ಬೆಂಗಳೂರಿನ ಎಂಜಿನಿಯರಿಂಗ್ ಹಾಸ್ಟೆಲಿಗೆ ಬಂದು ಬಿದ್ದವನ ಎದುರಿಗೆ ಆರ್.ಇ.ಎಂ.ನ ಹಾಡುಗಾರ ಮೈಕಲ್ ಸ್ಟೈಪ್ ಬಂದು ನಿಂತ.

ಸ್ಟಾರ್ ಟಿವಿ ಹಾಂಗ್‌ಕಾಂಗಿನಿಂದ ಬರಲು ಶುರುವಾಗಿದ್ದು 1991ರಲ್ಲಿ, ಅದರ ಬೆನ್ನಿಗೇ ಎಂಟಿವಿ. ಮರುವರ್ಷದ ಹೊತ್ತಿಗೆ ನಮ್ಮ ಮೆಸ್ಸಿನ ಟಿವಿಗೂ ಪಕ್ಕದ ಬೀದಿಯ ಕೇಬಲ್‌ನವನು ತಂತಿ ಎಳೆದುಕೊಟ್ಟಿದ್ದ. ಅನ್ನಕ್ಕೆ ಸಾರು ಕಲಸುತ್ತ ತಲೆ ಎತ್ತಿದರೆ ಆರ್.ಇ.ಎಂ.ನ ‘ಲೂಸಿಂಗ್ ಮೈ ರಿಲಿಜನ್’. ಕಿಟಕಿಯ ಮೇಲಿನ ಹಾಲಿನ ಹೂಜಿ ಬಿದ್ದು ಒಡೆಯುತ್ತದೆ. ಹೊರಗೆ ಮಳೆ. ರೆಕ್ಕೆ ಹಚ್ಚಿಕೊಂಡ ಒಬ್ಬ ಮುದುಕ, ಮೈಗೆ ಬಾಣ ನೆಟ್ಟುಕೊಂಡ ಒಬ್ಬ ಸಂತ, ನಮ್ಮ ಕ್ಯಾಲೆಂಡರ್ ದೇವರನ್ನು ನೆನಪಿಸುವ ವೇಷಗಳು. ನಡುವೆ ಒಬ್ಬ ಬಡಕಲು ಮನುಷ್ಯ ಕೈಕಾಲು ಎಲ್ಲೆಲ್ಲಿಗೋ ಎಸೆಯುತ್ತ ಕುಣಿಯುತ್ತಾನೆ. ವಿಡಿಯೊ ನಿರ್ದೇಶಿಸಿದವರು ಜಲಂಧರದಲ್ಲಿ ಹುಟ್ಟಿದ ತರ್ಸೆಮ್ ಸಿಂಗ್ ಎಂದು ತಿಳಿದದ್ದು ಬಹಳ ಆಮೇಲೆ. ತಿಳಿದ ದಿನ ಮೆಸ್ಸಿನಲ್ಲಿ ಎದೆ ಉಬ್ಬಿಸಿಕೊಂಡೇ ಓಡಾಡಿದೆವು. ಗಿಟಾರ್ ನುಡಿಸುವ ಪೀಟರ್ ಬಕ್ ಹೊಸದಾಗಿ ಮ್ಯಾಂಡೊಲಿನ್ ಕೊಂಡು, ಟಿವಿ ನೋಡುತ್ತ ಕೈ ಪಳಗಿಸಿಕೊಳ್ಳುವಾಗ ಸಿಕ್ಕ ಧಾಟಿಯಂತೆ ಅದು. ಜೊತೆಗೂಡಿ ಹಾಡಿಕೊಳ್ಳುವಂಥ ಪಲ್ಲವಿಯೂ ಇಲ್ಲದ ಆ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನದವರೆಗೆ ಹೋಯಿತು.

ಮಾತು ಸಿಗಲಿಲ್ಲ. ಸಾಲಿಗೆ ಒಂದೆರಡು ಪದ ಕೈಗೆ ಬರುತ್ತಿದ್ದವು, ನಡುವಿನದ್ದೆಲ್ಲ ಮ್ಯಾಂಡೊಲಿನ್ ಜೊತೆ ಕೊಚ್ಚಿಕೊಂಡು ಹೋಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಕನ್ನಡ ಮಾಧ್ಯಮದವರಿಗೆ ಆಗ ಇದೊಂದು ಅಭ್ಯಾಸ: ಇಂಗ್ಲಿಷಿನಲ್ಲಿ ಏನೇ ಅರ್ಥವಾಗದಿದ್ದರೂ ಕೊರತೆ ನಮ್ಮದೇ ಎಂದು ಮೊದಲೇ ತಲೆ ತಗ್ಗಿಸಿಬಿಡುವುದು. ನನ್ನ ರೂಮ್‌ಮೇಟ್ ಧಾರವಾಡದವನು, ಅವನಿಗೆ ಅಂಥ ಸಂಕೋಚವೆಲ್ಲ ಇರಲಿಲ್ಲ. ‘ಏನಲೇ ಇಂವಾ, ಬಾಯಾಗ ಎಲಿ ಅಡಿಕಿ ಇಟ್ಕೊಂಡು ಹಾಡಾಕತ್ತಾನೇನು?’ ಅಂತ ಇಡೀ ಮೆಸ್ಸಿಗೆ ಕೇಳಿಸುವಂತೆ ಅಂದ. ಎಲ್ಲರೂ ಮಂಗಳೂರಿನ ಹುಡುಗನ ಕಡೆ ತಿರುಗಿದರು. ಅವನು ಕಾನ್ವೆಂಟಿನಲ್ಲಿ ಓದಿದವನು, ಚರ್ಚಿನಲ್ಲಿ ಗಿಟಾರ್ ನುಡಿಸುತ್ತಿದ್ದವನು. ಇಂಗ್ಲಿಷಿಗೆ ಸಂಬಂಧಿಸಿದ ಹಾಸ್ಟೆಲಿನ ವ್ಯಾಜ್ಯಗಳೆಲ್ಲ ಇತ್ಯರ್ಥವಾಗುತ್ತಿದ್ದದ್ದು ಅವನ ಮಂಚದ ಮೇಲೆ. ಅವನು ಪಲ್ಯದಿಂದ ಕಣ್ಣೆತ್ತದೆ, ‘ನನಗೂ ಸರಿ ಗೊತ್ತಾಗ್ಲಿಲ್ಲ ಮಾರಾಯ’ ಅಂದ. ಆ ರಾತ್ರಿ ನನಗೆ ಕಣ್ತುಂಬ ನಿದ್ದೆ ಬಂತು.

ಅಮೆರಿಕದವರಿಗೂ ಗೊತ್ತಾಗುತ್ತಿರಲಿಲ್ಲ ಎಂಬ ಸಮಾಧಾನದ ಸುದ್ದಿ ತಡವಾಗಿ ಬಂತು. 1993ರಲ್ಲಿ ಅಲಹಾಬಾದಿನಿಂದ ‘ರಾಕ್ ಸ್ಟ್ರೀಟ್ ಜರ್ನಲ್’ ಎಂಬ ಪತ್ರಿಕೆ ಶುರುವಾಯಿತು. ಅಂಥ ಪತ್ರಿಕೆಗಳಿಂದ, ಬಾಯಿಂದ ಬಾಯಿಗೆ, ಚೂರು ಚೂರಾಗಿ ಈ ತಂಡದ ಕಥೆ ಕೂಡಿಸಿಕೊಂಡೆವು. ಜಾರ್ಜಿಯಾ ರಾಜ್ಯದ ಅಥೆನ್ಸ್ ವಿಶ್ವವಿದ್ಯಾಲಯದಿಂದಲೇ ಬದುಕುವ ಊರು, ಅಟ್ಲಾಂಟಾದಿಂದ ಸುಮಾರು ನೂರು ಕಿಲೋಮೀಟರ್. ಬಕ್ ಅಲ್ಲಿನ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ, ಸ್ಟೈಪ್ ಚಿತ್ರಕಲೆ ಓದುತ್ತಿದ್ದ. ಮೈಕ್ ಮಿಲ್ಸ್, ಬಿಲ್ ಬೆರಿ ಸೇರಿ ನಾಲ್ವರು 1980ರ ಏಪ್ರಿಲ್ 5ರಂದು ಪರಿಚಯದವರೊಬ್ಬರ ಹುಟ್ಟುಹಬ್ಬಕ್ಕೆ ಮೊದಲ ಸಲ ಜನರ ಮುಂದೆ ನುಡಿಸಿದರು. ಜಾಗ, ಪೂಜೆ ನಿಂತುಹೋಗಿದ್ದ ಹಳೆಯದೊಂದು ಚರ್ಚು. ಆ ಕಟ್ಟಡ ಈಗಿಲ್ಲ, ಶಿಖರ ಮಾತ್ರ ಉಳಿದಿದೆ. ಧರ್ಮದ ಹೆಸರು ಹೊತ್ತ ಹಾಡಿನಿಂದ ಲೋಕಕ್ಕೆಲ್ಲ ಗೊತ್ತಾಗಲಿದ್ದ ತಂಡ ಹುಟ್ಟಿದ್ದು ಪಾಳುಬಿದ್ದ ಚರ್ಚಿನಲ್ಲಿ! ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಸಂಪಾದಕರು ಅಲ್ಲೇ ಗೀಟು ಹಾಕುತ್ತಿದ್ದರು.

ಅವರ ಮೊದಲ ಆಲ್ಬಮ್ ‘ಮರ್ಮರ್’. 1983ರದು, ನಾರ್ತ್ ಕೆರೊಲಿನಾದ ಶಾರ್ಲೆಟ್ ಊರಿನ ಸ್ಟುಡಿಯೋದಲ್ಲಿ ಮುದ್ರಿಸಿದ್ದು. ನಿರ್ಮಾಪಕರು ಮಿಚ್ ಈಸ್ಟರ್ ಮತ್ತು ಡಾನ್ ಡಿಕ್ಸನ್. ಯಾರ ಕಣ್ಣೂ ತನ್ನ ಮೇಲೆ ಬೀಳಬಾರದೆಂದು ಸ್ಟೈಪ್ ಮೆಟ್ಟಿಲ ಸಂದಿಯ ಕತ್ತಲಲ್ಲಿ ನಿಂತು ಹಾಡಿದ. ಅಲ್ಲಿ ಹಾಡಿದ್ದನ್ನು ಆ ಇಬ್ಬರೂ ಗಿಟಾರ್, ಬೇಸ್‌ಗಳ ಮೇಲಕ್ಕೆ ಎತ್ತಿ ಕೂರಿಸಲಿಲ್ಲ, ಅವುಗಳ ಸಾಲಿನಲ್ಲೇ ನಿಲ್ಲಿಸಿದರು. ಮುಖಪುಟದಲ್ಲಿ ಕುಡ್ಜು ಬಳ್ಳಿ. ಜಪಾನಿನಿಂದ ಬಂದು ಅಮೆರಿಕದ ದಕ್ಷಿಣವನ್ನೆಲ್ಲ ಹೊದ್ದುಕೊಂಡ, ನಮ್ಮ ಲಂಟಾನದಂಥ ಹಠಮಾರಿ ಕಳೆ. ಕೆಳಗೆ ಮನೆ ಇದೆಯೋ ಮರ ಇದೆಯೋ ಹೇಳಲಾಗದಂತೆ ಹಬ್ಬಿದ ಆ ಬಳ್ಳಿಯ ಚಿತ್ರ ನೋಡಿದರೆ ಒಳಗಿನ ಹಾಡುಗಳ ಬಗ್ಗೆ ಬೇರೆ ಪೀಠಿಕೆ ಬೇಕಾಗಿಲ್ಲ. ಅಮೆರಿಕವೆಲ್ಲ ‘ಥ್ರಿಲ್ಲರ್’ ಕೇಳುತ್ತಿದ್ದ ಆ ವರ್ಷ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ಮೈಕಲ್ ಜಾಕ್ಸನ್‌ನನ್ನು ಬಿಟ್ಟು ಈ ಗೊಣಗಾಟವನ್ನು ವರ್ಷದ ಆಲ್ಬಮ್ ಎಂದು ಆರಿಸಿದರು. ನನ್ನ ಲೆಕ್ಕದಲ್ಲಿ ಅವರು ಮಾಡಿದ್ದು ಸರಿ.

ಮರುವರ್ಷದ ‘ರೆಕನಿಂಗ್’ನದು ಇನ್ನೂ ಒಳ್ಳೆಯ ಕಥೆ. ‘ಸೆವೆನ್ ಚೈನೀಸ್ ಬ್ರದರ್ಸ್’ ಹಾಡುವಾಗ ಸ್ಟೈಪ್‌ನ ದನಿಗೆ ಯಾಕೋ ಕಳೆ ಬರುತ್ತಿರಲಿಲ್ಲ. ಅವನ ಮನಸ್ಸು ಬಿಚ್ಚಲಿ ಎಂದು ಡಿಕ್ಸನ್ ಅಲ್ಲೇ ಬಿದ್ದಿದ್ದ ಕ್ರೈಸ್ತ ಭಕ್ತಿಗೀತೆಯ ಒಂದು ರೆಕಾರ್ಡ್ ಕೈಗೆ ಕೊಟ್ಟ. ಸ್ಟೈಪ್ ಅದರ ಕವರಿನ ಹಿಂಬದಿಗೆ ಅಚ್ಚಾಗಿದ್ದ ಹೊಗಳಿಕೆಯ ಬರಹವನ್ನೇ ಅದೇ ಧಾಟಿಗೆ ಹೊಂದಿಸಿ ಮೊದಲಿನಿಂದ ಕೊನೆಯವರೆಗೆ ಹಾಡಿಬಿಟ್ಟ. ಗಾಯಕರ ಗುಣಗಾನ, ಕಂಪನಿಯ ಮಾತು, ಯಾವುದನ್ನೂ ಬಿಡಲಿಲ್ಲ. ಅದು ‘ವಾಯ್ಸ್ ಆಫ್ ಹೆರಾಲ್ಡ್’ ಎಂಬ ಹೆಸರಿನಲ್ಲಿ ಹೊರಗೂ ಬಂತು. ಎರಡನ್ನೂ ಒಂದರ ಹಿಂದೊಂದು ಹಾಕಿಕೊಂಡು ಕೇಳಿ. ಹೆರಾಲ್ಡನ ಹಾಡೇ ಒಂದು ಕೈ ಮೇಲು ಅನ್ನಿಸಿದರೆ ಆಶ್ಚರ್ಯ ಪಡಬೇಡಿ.

ಮಾತು ಕೇಳಿಸದ ಹಾಡಿಗೆ ಅಮೆರಿಕದಲ್ಲಿ ಪೊಲೀಸ್ ವಿಚಾರಣೆಯೂ ನಡೆದದ್ದುಂಟು. 1963ರಲ್ಲಿ ಕಿಂಗ್ಸ್‌ಮೆನ್ ತಂಡ ಹಾಡಿದ ‘ಲೂಯಿ ಲೂಯಿ’ಯಲ್ಲಿ ಏನೋ ಅಶ್ಲೀಲ ಇದೆ ಎಂದು ತಂದೆತಾಯಂದಿರು ದೂರು ಕೊಟ್ಟರು. ಎಫ್‌ಬಿಐ ಪ್ರಯೋಗಾಲಯದವರು ರೆಕಾರ್ಡನ್ನು ನಿಧಾನಕ್ಕೆ ತಿರುಗಿಸಿ ಕೇಳಿದರು, ಜೋರಾಗಿ ತಿರುಗಿಸಿ ಕೇಳಿದರು. ಯಾವ ವೇಗದಲ್ಲೂ ಏನೂ ತಿಳಿಯುವುದಿಲ್ಲ ಎಂದು ಬರೆದು ಕಡತ ಮುಚ್ಚಿದರು. ಅಪ್ಪ ಅಮ್ಮಂದಿರಿಗೆ ಕೇಳಿಸಿದ ಅಶ್ಲೀಲವೆಲ್ಲ ಅವರವರ ಸ್ವಂತದ್ದು!

ನಾವೂ ಎಫ್‌ಬಿಐನವರಿಗಿಂತ ಕಡಿಮೆ ದುಡಿದವರಲ್ಲ. ಮಂಗಳೂರಿನವನ ಅಣ್ಣ ದುಬೈಯಲ್ಲಿದ್ದರು. ಅವರು ತಂದುಕೊಟ್ಟ, ಆ ಹಾಡಿದ್ದ ‘ಔಟ್ ಆಫ್ ಟೈಮ್’ ಕ್ಯಾಸೆಟ್ಟಿನಿಂದ ಮೆಜೆಸ್ಟಿಕ್ ಹತ್ತಿರದ ಅಂಗಡಿಯಲ್ಲಿ ಖಾಲಿ ಟೇಪಿಗೆ ಇಳಿಸಿಕೊಂಡೆವು. ರೂಮಿನಲ್ಲೊಂದು ಟೂ-ಇನ್-ಒನ್. ಬೆರಳು ರಿವೈಂಡ್ ಗುಂಡಿಯ ಮೇಲೆ. ಸಾಲು ಬರುತ್ತದೆ, ಹೋಗುತ್ತದೆ, ಟಕ್ಕೆಂದು ನಿಲ್ಲಿಸಿ ಮೂರು ಸೆಕೆಂಡು ಹಿಂದಕ್ಕೆ, ಮತ್ತೆ ಟಕ್. ‘ಈಗ ಕೇಳು, ಈಗ ಕೇಳು.’ ಕಿವಿಯನ್ನು ಸ್ಪೀಕರಿನ ಜಾಲರಿಗೆ ಒತ್ತಿ ಕೂತರೆ ಕೆನ್ನೆಯ ಮೇಲೆ ಜಾಲರಿಯ ಅಚ್ಚು ಮೂಡುತ್ತಿತ್ತು. ಹೀಗೆ ಎಳೆದಾಡಿ ಎಳೆದಾಡಿ ಟೇಪು ಸವೆಯಿತು. ಎಲ್ಲ ಕಡೆ ಸವೆಯಲಿಲ್ಲ. ನಾವು ಯಾವ ಪದದ ಬೆನ್ನು ಬಿದ್ದಿದ್ದೆವೋ ಸರಿಯಾಗಿ ಆ ಪದ ಇರುವ ಜಾಗದಲ್ಲೇ ಹಿಗ್ಗಿ, ಸುಕ್ಕಾಗಿ, ದನಿ ನೀರೊಳಗಿಂದ ಬಂದ ಹಾಗಾಯಿತು. ಸುಲಭವಾಗಿ ಕೇಳಿಸುತ್ತಿದ್ದ ಸಾಲುಗಳು ಗಟ್ಟಿಮುಟ್ಟಾಗಿ ಉಳಿದವು. ಬೇಕಾದ ಸಾಲು ಹುಡುಕುತ್ತ ಹುಡುಕುತ್ತ ಅಳಿಸಿಹೋಯಿತು.

ಅದಕ್ಕೊಂದು ನೋಟ್‌ಬುಕ್ಕೂ ಇತ್ತು. ಬರೆಯುವ ಕೆಲಸ ನನ್ನದು, ಬರೆಯುತ್ತಿದ್ದದ್ದು ಕನ್ನಡ ಅಕ್ಷರದಲ್ಲಿ. ನಾಚಿಕೆಯಿಂದ ಶುರುಮಾಡಿದೆ, ಆಮೇಲೆ ಅದರ ಅನುಕೂಲ ತಿಳಿಯಿತು. ಇಂಗ್ಲಿಷಿನಲ್ಲಿ ಬರೆಯಬೇಕಾದರೆ ಸ್ಪೆಲಿಂಗ್ ಬೇಕು, ಸ್ಪೆಲಿಂಗ್ ಬೇಕಾದರೆ ಅದು ಯಾವ ಪದ ಎಂದು ಮೊದಲೇ ಗೊತ್ತಿರಬೇಕು. ಕನ್ನಡದಲ್ಲಿ ಆ ತಾಪತ್ರಯ ಇಲ್ಲ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಇಳಿಸಿಕೊಳ್ಳಬಹುದು. ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಅವತ್ತೇ ತೀರ್ಪು ಕೊಡಬೇಕಾಗಿಲ್ಲ. ಇಡೀ ಸಾಲು ಒಂದೇ ಉಸಿರಿನ ಗಂಟಾಗಿ ಹಾಳೆಯ ಮೇಲೆ ಕೂರುತ್ತಿತ್ತು. ಆ ಗಂಟನ್ನು ಎಲ್ಲಿ ಬಿಚ್ಚಬೇಕು ಎಂಬುದೇ ರಾತ್ರಿಯ ಜಗಳ. ಮಂಗಳೂರಿನವನು ಒಂದು ಕಡೆ ಗೀಟು ಹಾಕುತ್ತಿದ್ದ, ಧಾರವಾಡದವನು ಅದನ್ನು ಹೊಡೆದು ಇನ್ನೊಂದು ಕಡೆ ಹಾಕುತ್ತಿದ್ದ. ಗೀಟು ಬದಲಾದರೆ ಹಾಡು ಬದಲಾಗುತ್ತಿತ್ತು.

ಮಾತು ಸಿಕ್ಕಿದ ಕಡೆಯೂ ಅರ್ಥ ಸಿಗುತ್ತಿರಲಿಲ್ಲ, ಅದು ಬೇರೆ ಮಾತು. ಹಾಡಿನ ಶೀರ್ಷಿಕೆಯ ಮೂರು ಪದ ಮೂವರಿಗೂ ಗೊತ್ತು. ಧರ್ಮ ಕಳೆದುಕೊಳ್ಳುತ್ತಿದ್ದೇನೆ ಅನ್ನುತ್ತಾನೆ, ಸರಿ, ಯಾಕೆ? ಮಂಗಳೂರಿನವನು ಬೆಂಗಳೂರಿಗೆ ಬಂದ ಮೇಲೆ ಭಾನುವಾರದ ಪೂಜೆಗೆ ಹೋಗುವುದು ಬಿಟ್ಟಿದ್ದ, ತಾಯಿಗೆ ಬರೆಯುವ ಕಾಗದದಲ್ಲಿ ಹೋಗುತ್ತಿದ್ದೇನೆ ಎಂದೇ ಬರೆಯುತ್ತಿದ್ದ. ಹಾಡಿನ ನಡುವೆ ಪಾಪನಿವೇದನೆಯ ಪದವೊಂದು ಸ್ಪಷ್ಟವಾಗಿ ಕೇಳಿಸಿದ್ದೇ ತಡ, ಇದು ಪಾದ್ರಿಯ ಮುಂದೆ ಮಂಡಿಯೂರಿದವನ ಹಾಡು ಎಂದು ಅವನು ಪಟ್ಟು ಹಿಡಿದ. ಧಾರವಾಡದವನಿಗೆ ಅದು ದೇವರ ಜೊತೆಗಿನ ಬಹಿರಂಗ ಜಗಳ. ನನ್ನದು ನಾನು ಯಾರಿಗೂ ಹೇಳಲಿಲ್ಲ. ನಮ್ಮದು ಲಿಂಗಾಯತರ ಮನೆ. ಹಾಸ್ಟೆಲಿಗೆ ಬಂದ ಮೊದಲ ವರ್ಷವೇ ಕೊರಳ ಕರಡಿಗೆ ಬಿಚ್ಚಿ, ಅಜ್ಜಿ ಕೊಟ್ಟ ಬಿಳಿ ಪಂಚೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದೆ. ಮೊಟ್ಟೆ ತಿನ್ನುವುದನ್ನು ಕಲಿತಿದ್ದೆ. ಆ ಹಾಡು ಬಂದಾಗಲೆಲ್ಲ ಟ್ರಂಕಿನ ಕಡೆ ಕಣ್ಣು ಹೋಗುತ್ತಿತ್ತು.

1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಮಸೀದಿ ಬಿತ್ತು. ಆ ವಾರ ಯಾರೂ ಹಾಸ್ಟೆಲ್ ಬಿಟ್ಟು ಹೊರಗೆ ಹೋಗಕೂಡದೆಂದು ವಾರ್ಡನ್ ಹೇಳಿದ್ದರು. ಟಿವಿಯಲ್ಲಿ ಸುದ್ದಿ, ಸುದ್ದಿ ಮುಗಿದರೆ ಎಂಟಿವಿ. ನಮ್ಮ ಮಹಡಿಯಲ್ಲಿ ಕಲಬುರಗಿಯ ಮುಸ್ಲಿಂ ಹುಡುಗನೊಬ್ಬನಿದ್ದ, ಮನೆಗೆ ಟ್ರಂಕ್ ಕಾಲ್ ಸಿಗದೆ ಒದ್ದಾಡುತ್ತಿದ್ದ. ಹಾಡು ಬಂದಾಗ ಅವನು ಎದ್ದು ಹೋಗಲಿಲ್ಲ, ಪೂರ್ತಿ ಕೇಳಿದ. ಆಮೇಲೆ, ‘ಇಂವಾ ಯಾರಿಗಿ ಹೇಳ್ಲಾಕತ್ತಾನ?’ ಅಂದ. ಜಾರ್ಜಿಯಾದ ನಾಲ್ವರು ಯುವಕರು ಆ ಹಾಡು ಮಾಡುವಾಗ ಅಯೋಧ್ಯೆ ಎಂಬ ಊರಿದೆ ಎಂದೂ ತಿಳಿದಿರಲಾರರು. ಆದರೂ ಆ ವಾರ ಆ ಹಾಡಿಗೆ ಬೇರೆ ಅರ್ಥವೇ ಇರಲಿಲ್ಲ.

ನಿಜವಾದ ಅರ್ಥ ಬಂದದ್ದು ನೀಲಿ ಏರೋಗ್ರಾಂನಲ್ಲಿ. ನಮ್ಮ ಸೀನಿಯರ್ ಒಬ್ಬರು ಎಂ.ಎಸ್. ಮಾಡಲು ಅಟ್ಲಾಂಟಾಕ್ಕೆ ಹೋಗಿದ್ದರು. ಧಾರವಾಡದವನು ಅವರಿಗೆ ಕಾಗದ ಬರೆದು ಇದೊಂದನ್ನು ವಿಚಾರಿಸಿ ಎಂದು ಗಂಟುಬಿದ್ದಿದ್ದ. ಉತ್ತರ ಬರಲು ತಿಂಗಳ ಮೇಲಾಯಿತು. ಹವೆ, ಬಾಡಿಗೆ, ಅನ್ನದ ಕಷ್ಟ ಎಲ್ಲ ಬರೆದು, ಕೊನೆಗೆ ಅಂಚಿನ ಗೋಂದಿನ ಪಟ್ಟಿಯ ಹತ್ತಿರ ಸಣ್ಣಕ್ಷರದಲ್ಲಿ: ‘ಅದು ಧರ್ಮದ ವಿಷಯ ಅಲ್ವಂತೆ ಕಣ್ರೋ. ಇಲ್ಲಿ ದಕ್ಷಿಣದ ಕಡೆ ತಾಳ್ಮೆ ಕೆಟ್ಟುಹೋದರೆ ಹಾಗಂತಾರೆ. ನಮ್ಮ ಮನೆ ಓನರ್ ಅಜ್ಜಿ ಕಾರು ಸ್ಟಾರ್ಟ್ ಆಗದಿದ್ದಾಗಲೂ ಇದೇ ಮಾತು ಹೇಳ್ತಾಳೆ.’

ಅಷ್ಟೇ. ಕಾರು ಸ್ಟಾರ್ಟ್ ಆಗದ ಮುದುಕಿ ಬಂದು ಪಾದ್ರಿಯನ್ನೂ ದೇವರನ್ನೂ ನನ್ನ ಟ್ರಂಕನ್ನೂ ಒಂದೇ ಏಟಿಗೆ ಗುಡಿಸಿಹಾಕಿದಳು. ಸ್ಟೈಪ್ ಕೂಡ ಮುಂದೆ ಅದನ್ನೇ ವಿವರಿಸಿದ. ಅದೊಂದು ಏಕಮುಖ ಪ್ರೇಮದ ಹಾಡು. ಎದುರಿನವರಿಗೆ ತನ್ನ ಮನಸ್ಸು ತಿಳಿದಿದೆಯೋ ಇಲ್ಲವೋ ಎಂದು ಒದ್ದಾಡುವ ಸಂಕೋಚದವನ ಪಾಡು. 2020ರಲ್ಲಿ ನೆಟ್‌ಫ್ಲಿಕ್ಸಿನ ‘ಸಾಂಗ್ ಎಕ್ಸ್‌ಪ್ಲೋಡರ್’ ಸರಣಿಯಲ್ಲಿ ತಂಡದವರು ಕೂತು ಈ ಹಾಡಿನ ಒಂದೊಂದು ಪದರವನ್ನೂ ಬಿಡಿಸಿ ತೋರಿಸಿದ್ದಾರೆ. ಮೊದಲ ಕರಡಿನಲ್ಲಿ ಅಡುಗೆಮನೆಯೊಂದು ಬರುತ್ತಿತ್ತು, ಆಮೇಲೆ ಅದನ್ನು ಬದಲಿಸಿದೆ ಎಂಬಷ್ಟರ ಮಟ್ಟಿಗೆ. ಒಳ್ಳೆಯ ಕಾರ್ಯಕ್ರಮ, ಎದ್ದು ಹೋಗದೆ ನೋಡಿದೆ. ಬರೇ ದನಿಯನ್ನು ಬೇರ್ಪಡಿಸಿ ಕೇಳಿಸಿದಾಗ ಮಾತೆಲ್ಲ ಕನ್ನಡಿಯಷ್ಟು ನಿಚ್ಚಳ. ಸರಿಯಾದ ಅರ್ಥ ಒಂದು ಸಿಕ್ಕಿತು, ನಮ್ಮ ಮೂರು ನಾಲ್ಕು ಅರ್ಥಗಳು ಹೋದವು. ವ್ಯಾಪಾರಿಯ ಲೆಕ್ಕದಲ್ಲಿ ನೋಡಿದರೂ ಇದು ನಷ್ಟವೇ.

ಮಾತು ಸ್ಪಷ್ಟವಿದ್ದೂ ಗುಟ್ಟು ಬಿಡದ ಹಾಡುಗಳಿಗೂ ಈ ತಂಡದಲ್ಲಿ ಕೊರತೆ ಇಲ್ಲ. 1986ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಟಿವಿ ಸುದ್ದಿಗಾರ ಡ್ಯಾನ್ ರಾದರ್ ಅವರ ಮೇಲೆ ಅಪರಿಚಿತನೊಬ್ಬ ಕೈ ಮಾಡಿದ. ಹೊಡೆಯುತ್ತ ಹೊಡೆಯುತ್ತ ಕೆನೆತ್ ಎಂಬ ಇನ್ಯಾರದೋ ಹೆಸರು ಹಿಡಿದು ತರಂಗಾಂತರ ಯಾವುದೆಂದು ಕೇಳುತ್ತಿದ್ದನಂತೆ. ಆ ಅಸಂಬದ್ಧ ಪ್ರಶ್ನೆಯೇ 1994ರಲ್ಲಿ ಹಾಡಾಯಿತು. ಹೊಡೆದವನ ಗುರುತು ಸಿಕ್ಕಿದ್ದು 1997ರಲ್ಲಿ. ಮನಸ್ಸಿನ ಸ್ವಾಧೀನ ತಪ್ಪಿದವನು. ಟಿವಿಯವರು ತನ್ನ ತಲೆಯೊಳಗೆ ಸಂಕೇತ ಕಳಿಸುತ್ತಿದ್ದಾರೆಂದು ನಂಬಿದ್ದ. ಉತ್ತರ ಸಿಕ್ಕಿತು ನಿಜ, ಹಾಡಿಗೆ ಅದರಿಂದ ಏನೂ ಸೇರಲಿಲ್ಲ.

ನನ್ನ ಅಜ್ಜ ಇದನ್ನೆಲ್ಲ ಕೇಳಿದ್ದರೆ ಹುಬ್ಬೇರಿಸುತ್ತಿರಲಿಲ್ಲ. ಅವರು ಸಂಜೆ ಪಡಸಾಲೆಯಲ್ಲಿ ಅಲ್ಲಮನ ವಚನ ಓದುತ್ತಿದ್ದವರು. ಬೆಡಗಿನ ವಚನ ಬಂದರೆ ಕನ್ನಡಕ ತೆಗೆದು ಸುಮ್ಮನೆ ಕೂರುತ್ತಿದ್ದರು. ಪುಸ್ತಕದ ಕೆಳಗೆ ಹಳೆಯ ಟೀಕೆಯೂ ಅಚ್ಚಾಗಿರುತ್ತಿತ್ತು: ಇದು ಎಂದರೆ ದೇಹ, ಅದು ಎಂದರೆ ಮನಸ್ಸು, ಇನ್ನೊಂದು ಎಂದರೆ ಅರಿವು. ಅಜ್ಜ ಅದನ್ನು ಬೆರಳಿನಿಂದ ಮುಚ್ಚಿ ಮೇಲಿನದ್ದನ್ನು ಓದುತ್ತಿದ್ದರು. ‘ಟೀಕೆ ಓದಿದ್ರೆ ವಚನ ಮುಗಿದೋಗತ್ತೆ ಕಣಪ್ಪ.’ ಶಿಶುನಾಳ ಶರೀಫರ ಒಗಟಿನಂಥ ತತ್ವಪದಗಳನ್ನು ಸಿ. ಅಶ್ವತ್ಥ್ ದನಿಯಲ್ಲಿ ಊರಿಗೆ ಊರೇ ಹಾಡಿತು. ಯಾವುದು ಯಾವುದನ್ನು ಯಾಕೆ ನುಂಗಿತೆಂದು ಕೇಳಿಕೊಂಡು ಯಾರೂ ಹಾಡು ನಿಲ್ಲಿಸಲಿಲ್ಲ. ಧಾರವಾಡದವನ ಮನೆಯಲ್ಲಂತೂ ಬೇಂದ್ರೆಯವರ ‘ನಾಕುತಂತಿ’ಯ ಮೇಲೆ ಅವನ ತಂದೆಗೂ ಕಾಕಾನಿಗೂ ವರ್ಷಾನುಗಟ್ಟಲೆ ಮಾತು ನಡೆದಿತ್ತಂತೆ. ಸಾಧನಕೇರಿಗೆ ಹೋಗಿ ಕವಿಗಳನ್ನೇ ಕೇಳಬಹುದಿತ್ತಲ್ಲ ಅಂದರೆ, ‘ಕೇಳಿದ್ರ ಮಾತು ಮುಗೀತಿತ್ತಲ್ಲೋ’ ಅಂದಿದ್ದ. ಹೀಗೆ ಗೊಂದಲದ ಸುಖ ಕಂಡುಂಡ ಮನೆಗಳಿಂದ ಬಂದವರು ನಾವು. ಸಿನಿಮಾ ಹಾಡಿನ ಪುಸ್ತಕದ ಕಿವಿ ಒಂದು, ಬೆಡಗಿನ ಕಿವಿ ಇನ್ನೊಂದು. ಸ್ಟೈಪ್ ಆ ಎರಡನೆಯದನ್ನು ಹಿಂಡಿದ.

ಎಲ್ಲ ಅಸ್ಪಷ್ಟತೆಯೂ ಬೆಡಗಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸೋಮಾರಿತನ ಎಷ್ಟೋ ಸಲ ಗಾಂಭೀರ್ಯದ ಕೋಟು ಹಾಕಿಕೊಂಡು ಬಂದಿದೆ. ‘ಶ್ಯಾಂಪೇನ್ ಸೂಪರ್‌ನೋವಾ’ದಲ್ಲಿ ತಾನು ಬರೆದದ್ದರ ಅರ್ಥ ತನಗೇ ಗೊತ್ತಿಲ್ಲವೆಂದು ಓಯಸಿಸ್ ತಂಡದ ನೋಯೆಲ್ ಗ್ಯಾಲಗರ್ ಒಪ್ಪಿಕೊಂಡಿದ್ದಾನೆ, ಪ್ರಾಮಾಣಿಕ ಮನುಷ್ಯ. ನಿರ್ವಾಣ ತಂಡದ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಬಂದ ಹೊಸತರಲ್ಲಿ ಮಾತು ತಿಳಿಯದೆ ಒದ್ದಾಡಿದವರು ಎಷ್ಟಿದ್ದರೆಂದರೆ, ಅದನ್ನೇ ಗೇಲಿ ಮಾಡಿ ಅಣಕು ಹಾಡುಗಾರ ವಿಯರ್ಡ್ ಆಲ್ ಯಾಂಕೊವಿಕ್ 1992ರಲ್ಲಿ ಇಡೀ ಹಾಡೊಂದನ್ನು ಮಾಡಿದ. ಆ ಶೀರ್ಷಿಕೆಯ ಹಿಂದೆ ಇದ್ದದ್ದು ಹುಡುಗಿಯರ ಒಂದು ಡಿಯೋಡರೆಂಟ್ ಹೆಸರು, ಹಾಡು ಬರೆದ ಕರ್ಟ್ ಕೊಬೇನ್‌ಗೂ ಅದು ಮೊದಲು ಗೊತ್ತಿರಲಿಲ್ಲ. ಗೆಳತಿಯೊಬ್ಬಳು ಗೋಡೆಯ ಮೇಲೆ ತಮಾಷೆಗೆ ಗೀಚಿದ್ದನ್ನು ಅವನು ಕ್ರಾಂತಿಯ ಮಾತೆಂದು ತಿಳಿದ. ಕವಿಯೇ ಕೇಳುಗನಂತೆ ಮೋಸ ಹೋದ ಈ ಪ್ರಸಂಗ ನನಗೆ ಬಲು ಇಷ್ಟ.

ಈಗ ಸಾಲು ಕೇಳಿಸುವ ಮುಂಚೆ ಸಾಲು ಕಾಣಿಸುತ್ತದೆ. 2021ರ ಕೊನೆಯಲ್ಲಿ ಸ್ಪಾಟಿಫೈ ಹಾಡಿನ ಜೊತೆಜೊತೆಗೇ ಮಾತು ಸರಿದುಹೋಗುವ ವ್ಯವಸ್ಥೆಯನ್ನು ಜಗತ್ತಿಗೆಲ್ಲ ಕೊಟ್ಟಿತು. ಪರದೆಯ ಮೇಲೆ ಅಕ್ಷರ ಬೆಳಗುತ್ತದೆ, ಹಾಡುವವನು ಅದನ್ನು ಓದಿ ಒಪ್ಪಿಸುವವನ ಹಾಗೆ ಕೇಳಿಸುತ್ತಾನೆ. ನನ್ನ ಅಕ್ಕನ ಮಗ ಒಳ್ಳೆಯ ಕೇಳುಗ, ಗಿಟಾರೂ ಕಲಿಯುತ್ತಿದ್ದಾನೆ. ಕಾರಿನಲ್ಲಿ ‘ಮರ್ಮರ್’ ಹಾಕಿದೆ. ಅರ್ಧ ನಿಮಿಷವಾಗಿರಲಿಲ್ಲ, ಫೋನು ತೆಗೆದು ಮಾತು ಹುಡುಕಿ, ‘ಮಾಮ, ಇದಕ್ಕೇನೂ ಅರ್ಥ ಇಲ್ವಲ್ಲ’ ಅಂದ. ಹುಡುಗ ಹೇಳಿದ್ದು ಸುಳ್ಳಲ್ಲ. ಪದಗಳನ್ನು ದನಿಯಿಂದ ಬಿಡಿಸಿ ಬೆಳಕಿಗೆ ಹಿಡಿದರೆ ಅಲ್ಲಿ ಹೆಚ್ಚೇನೂ ಇಲ್ಲ. ಇದ್ದದ್ದು ಹುಡುಕಾಟದಲ್ಲಿ, ಅದೂ ಒಬ್ಬನ ಹುಡುಕಾಟದಲ್ಲಲ್ಲ, ಎರಡು ಮಂಚದ ನಡುವೆ ನೆಲದ ಮೇಲೆ ಕೂತ ಮೂವರ ಜಗಳದಲ್ಲಿ. ಒಬ್ಬರೇ ಕೂತು ಫೋನಿನಲ್ಲಿ ಓದಿಕೊಳ್ಳುವ ಅರ್ಥಕ್ಕೆ ಎದುರು ಮಾತಾಡುವವರು ಯಾರು? ಹಾಡುಗಾರರ ಮೇಲೂ ಇದರ ನೆರಳು ಬಿದ್ದಿದೆ ಎಂದು ನನ್ನ ಅನುಮಾನ. ಪ್ರತಿ ಅಕ್ಷರವೂ ತೆರೆಯ ಮೇಲೆ ಹೊಳೆಯುತ್ತದೆಂದು ಗೊತ್ತಿರುವವನು ಮೆಟ್ಟಿಲ ಸಂದಿಯ ಕತ್ತಲಿಗೆ ಹೋಗಿ ಹಾಡಲಾರ. ದನಿ ಮುಂದಕ್ಕೆ ಬರುತ್ತದೆ, ಉಚ್ಚಾರಣೆ ಚೊಕ್ಕಟವಾಗುತ್ತದೆ, ಹಾಡು ಅರ್ಜಿಯ ಹಾಗೆ ಓದಿಸಿಕೊಂಡು ಹೋಗುತ್ತದೆ.

ಐಸ್‌ಲ್ಯಾಂಡಿನ ಸಿಗುರ್ ರೋಸ್ ತಂಡ 2002ರಲ್ಲಿ ಒಂದು ಆಲ್ಬಮ್ ತಂದಿತು. ಅದಕ್ಕೆ ಹೆಸರಿನ ಬದಲು ಬರೇ ಎರಡು ಆವರಣ ಚಿಹ್ನೆ. ಹಾಡುಗಳಿಗೆ ಶೀರ್ಷಿಕೆ ಇಲ್ಲ, ಹಾಡಿದ್ದು ಯಾವ ದೇಶದ್ದೂ ಅಲ್ಲದ, ಬರೇ ಉಲಿಯ ಭಾಷೆಯಲ್ಲಿ. ಜೊತೆಗೆ ಕೊಟ್ಟ ಪುಸ್ತಿಕೆಯ ಹಾಳೆಗಳೆಲ್ಲ ಖಾಲಿ. ಕೇಳುವವರು ತಮಗೆ ಕೇಳಿಸಿದ್ದನ್ನು ಬರೆದುಕೊಳ್ಳಲಿ ಎಂದು. ನಾನು ಅದನ್ನು ಕೊಂಡು ಮನೆಗೆ ತಂದು ಪೆನ್ನು ಹಿಡಿದು ಕೂತೆ. ಏನೂ ಬರೆಯಲಾಗಲಿಲ್ಲ. ಜಾಗ ಬಿಟ್ಟುಕೊಟ್ಟರೆ ಸಾಲದು, ‘ಅಲ್ಲಲೇ, ಅದು ಹಾಂಗಲ್ಲ’ ಅನ್ನುವವನೊಬ್ಬ ಪಕ್ಕದಲ್ಲಿರಬೇಕು.

ಆ ಪಕ್ಕದವನು ಈಗ ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ವ್ಯಾಪಾರ ಮಾಡಿಕೊಂಡಿದ್ದಾನೆ. ಮಂಗಳೂರಿನವನು ಟೊರೊಂಟೊದಲ್ಲಿದ್ದಾನೆ. ಆರ್.ಇ.ಎಂ. 2011ರಲ್ಲಿ ತಂಡ ಮುಗಿಸಿತ್ತು. 2024ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ನಾಲ್ವರೂ ಅನಿರೀಕ್ಷಿತವಾಗಿ ಒಟ್ಟಿಗೆ ನಿಂತು ‘ಲೂಸಿಂಗ್ ಮೈ ರಿಲಿಜನ್’ ಅನ್ನೇ ಹಾಡಿದರು. ನಾನು ವಿಡಿಯೊವನ್ನು ಮೂವರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಸ್ಟೈಪ್‌ನ ವಯಸ್ಸು ಏರಿದೆ, ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ನಾವು ನೋಟ್‌ಬುಕ್ಕಿನಲ್ಲಿ ಗೀಟಿನ ಮೇಲೆ ಗೀಟು ಹಾಕಿ ಹರಿದೇಹೋಗಿದ್ದ ಸಾಲೂ ಅದರಲ್ಲಿತ್ತು.

ಹುಬ್ಬಳ್ಳಿಯಿಂದ ರಾತ್ರಿ ಫೋನು ಬಂತು. ‘ಕೇಳಿದಿ? ಆ ಸಾಲಿನ್ಯಾಗ ಅಂವಾ ತಪ್ಪ ಹಾಡ್ಯಾನ. ನಾವು ಬರ್ಕೊಂಡಿದ್ದಽ ಬರೋಬ್ಬರಿ ಇತ್ತು.’

‘ಬರೆದೋನೇ ಅವನು ಕಣೋ.’

‘ಬರದ್ರೇನಾತು? ಮೂವತ್ತು ವರ್ಷ ಆತು, ಮರ್ತಾನ.’

ಟೊರೊಂಟೊದವನಿಗೆ ಈ ತೀರ್ಪು ತಿಳಿಸಿದೆ. ಇಬ್ಬರದೂ ತಪ್ಪು, ಅಲ್ಲಿರುವುದು ಬೇರೆಯೇ ಪದ, ಬೇಕಾದರೆ ಎಡಗಡೆಯ ಸ್ಪೀಕರಿನಲ್ಲಿ ಕೇಳಿ ಎಂದು ಉತ್ತರ ಬರೆದ. ಹುಬ್ಬಳ್ಳಿಯವನು ಇನ್ನೂ ಒಪ್ಪಿಲ್ಲ.